ರೋಣದಿಂದ ಸಲಮಿಸ್‌ಗೆ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಹುಟ್ಟಿದವನಿಗೆ ಸಮುದ್ರವೆಂಬುದು ಮೊದಲು ಕಾವ್ಯದಲ್ಲಿ ಎದುರಾಗುತ್ತದೆ. ಕಣ್ಣಿಗೆ ಬೀಳುವುದು ಆಮೇಲಿನ ಮಾತು. ಎತ್ತ ನೋಡಿದರೂ ಎರೆಯ ಹೊಲ, ನಡುವೆ ಒಂದೆರಡು ಗುಡ್ಡ, ಉತ್ತರದ ಅಂಚಿಗೆ ಮಲಪ್ರಭೆ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂದು ತರಗತಿಯಲ್ಲಿ ಹೇಳುವಾಗ, ಸಮುದ್ರವನ್ನು ಕಂಡವರು ಎಷ್ಟು ಮಂದಿ ಎಂದು ನಾನು ಕೇಳುವುದಿತ್ತು. ಗೋಕರ್ಣಕ್ಕೆ ಹೋಗಿಬಂದ ನಾಲ್ಕಾರು ಹುಡುಗರು ಕೈಯೆತ್ತುತ್ತಿದ್ದರು. ಉಳಿದವರು ವರ್ಣನೆಯನ್ನು ಬಾಯಿಪಾಠ ಮಾಡುತ್ತಿದ್ದರು.

ಈಗ ಕಾಲ ಬೇರೆಯಾಗಿದೆ. ಗಜೇಂದ್ರಗಡದ ನನ್ನ ಕೆಲವು ಮಿತ್ರರು, ಎಲ್ಲರೂ ನಿವೃತ್ತರು, ಕೂಡಿ ಗ್ರೀಸ್ ದೇಶಕ್ಕೆ ಪ್ರವಾಸ ಹೋಗುವುದೆಂದು ನಿಶ್ಚಯಿಸಿದ್ದಾರೆ. ಪ್ರವಾಸ ಏರ್ಪಡಿಸುವವರು ಕೊಟ್ಟ ಬಣ್ಣದ ಕಾಗದವೊಂದನ್ನು ನನ್ನ ಮುಂದಿಟ್ಟು ಅವರು ಎರಡು ಪ್ರಶ್ನೆಗಳನ್ನು ಕೇಳಿದರು. ಯಾವ ತಿಂಗಳಲ್ಲಿ ಹೊರಡುವುದು? ಅಷ್ಟೊಂದು ದ್ವೀಪಗಳಿರುವಾಗ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಎರಡನೆಯ ಪ್ರಶ್ನೆ ಸಣ್ಣದಲ್ಲ. ಗ್ರೀಸಿಗೆ ಸೇರಿದ ದ್ವೀಪಗಳೂ ನಡುಗಡ್ಡೆಗಳೂ ಕೂಡಿ ಆರು ಸಾವಿರದಷ್ಟಾಗುತ್ತವೆ. ಜನವಸತಿಯಿರುವಂಥವೇ ಇನ್ನೂರಕ್ಕೆ ಮೀರುತ್ತವೆ. ಜೀವಮಾನವೆಲ್ಲ ಕನ್ನಡ ಕಲಿಸಿದವನನ್ನು ಗ್ರೀಸಿನ ದಾರಿ ಕೇಳುವುದು ವಿಚಿತ್ರವೆಂದು ಕೆಲವರಿಗೆ ತೋರೀತು. ನನಗೆ ಹಾಗೆ ತೋರಲಿಲ್ಲ. ಈ ಎರಡು ಪ್ರಶ್ನೆಗಳ ಬೆನ್ನುಹತ್ತಿ ಹೋದರೆ ಚರಿತ್ರೆಯ ಕಾಲುದಾರಿ ನಮ್ಮ ಹೊಲಗಳ ಬದುವಿನ ಮೇಲೆಯೇ ಹಾಯುತ್ತದೆ.

ಮೊದಲು ತಿಂಗಳ ಮಾತು. ಗಜೇಂದ್ರಗಡದ ಗುಡ್ಡದ ಮೇಲೆ ಇಂದು ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ನಮ್ಮ ಜನ ಅವನ್ನು ಫ್ಯಾನು ಎಂದೇ ಕರೆಯುತ್ತಾರೆ. ಆಷಾಢದಲ್ಲಿ ಅವು ತಿರುಗುವ ಭರವನ್ನು ನೋಡಿದವರಿಗೆ ಪಡುವಣ ಗಾಳಿಯ ಪರಿಚಯ ಹೇಳಬೇಕಾಗಿಲ್ಲ. ಅದೇ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಗ್ರೀಸಿನ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಇನ್ನೊಂದು ಗಾಳಿ ಬೀಸುತ್ತದೆ. ಆಕಾಶ ತಿಳಿಯಾಗಿರುತ್ತದೆ, ಮಳೆಯ ಸುಳಿವಿಲ್ಲ, ಆದರೆ ಸಮುದ್ರ ಮಾತ್ರ ಕಡೆದಂತೆ ಕುದಿಯುತ್ತದೆ. ಇಂದಿನವರು ಅದನ್ನು ಮೆಲ್ತೆಮಿ ಎನ್ನುತ್ತಾರೆ. ಪ್ರಾಚೀನ ಗ್ರೀಕರು ಕರೆದದ್ದು ಎಟೀಸಿಯನ್ ಎಂದು, ಅಂದರೆ 'ವರ್ಷವರ್ಷವೂ ಬರುವಂಥದು'. ನಮ್ಮ ಮಾನ್ಸೂನ್ ಎಂಬ ಮಾತಿನ ಮೂಲವಾದ ಅರಬ್ಬಿಯ ಮೌಸಿಮ್ ಶಬ್ದಕ್ಕೆ 'ಋತು' ಎಂದು ಅರ್ಥ. ಎರಡು ಕಡಲುಗಳ ಜನ ತಮ್ಮ ತಮ್ಮ ಗಾಳಿಗೆ ಪಂಚಾಂಗವನ್ನು ನೋಡಿಯೇ ಹೆಸರಿಟ್ಟರು.

ಈ ಎರಡು ಗಾಳಿಗಳಿಗೆ ಸಂಬಂಧವುಂಟೆಂದು ಬರೆದಿಟ್ಟವನು ಒಬ್ಬ ವರ್ತಕ. ಕ್ರಿಸ್ತಶಕದ ಮೊದಲನೆಯ ಶತಮಾನದ ನಡುಭಾಗದಲ್ಲಿ ಈಜಿಪ್ಟಿನಲ್ಲಿದ್ದ, ಗ್ರೀಕ್ ಭಾಷೆಯ ಆ ವರ್ತಕ ತನ್ನ ಹೆಸರನ್ನು ಹೇಳಿಕೊಂಡಿಲ್ಲ. ಆತನ ಪುಸ್ತಕಕ್ಕೆ 'ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್' ಎಂದು ಹೆಸರು. ತಮ್ಮ ಕಡೆ ಎಟೀಸಿಯನ್ ಗಾಳಿ ಬೀಸುವ ಹೊತ್ತಿಗೇ ಹಿಂದೂ ಮಹಾಸಾಗರದಲ್ಲಿ ನೈಋತ್ಯದ ಗಾಳಿ ಏಳುತ್ತದೆಂದೂ, ಭಾರತಕ್ಕೆ ಹೋಗುವ ಹಡಗುಗಳು ಜುಲೈ ತಿಂಗಳಿನಲ್ಲಿ ಈಜಿಪ್ಟನ್ನು ಬಿಡಬೇಕೆಂದೂ ಆತ ತಿಳಿಸುತ್ತಾನೆ. ಸ್ವಲ್ಪ ತರುವಾಯ ರೋಮಿನ ಪ್ಲಿನಿ ಲೆಕ್ಕವನ್ನು ಇನ್ನಷ್ಟು ಖಚಿತಗೊಳಿಸಿದ. ಕೆಂಪುಸಮುದ್ರದ ಬಾಯಿಯಲ್ಲಿರುವ ಓಕೆಲಿಸ್ ಬಂದರಿನಿಂದ ಕೇರಳದ ಮುಜಿರಿಸ್‌ಗೆ ನಲವತ್ತು ದಿನ. ಮರಳುವುದು ಡಿಸೆಂಬರಿನಲ್ಲಿ, ತಪ್ಪಿದರೆ ಜನವರಿಯ ಆರಂಭದಲ್ಲಿ. ಅಷ್ಟರಲ್ಲಿ ಹೊರಡದವನು ಇನ್ನೊಂದು ವರ್ಷ ಕಾಯಬೇಕು. ಪ್ರವಾಸದ ಯೋಜನೆ ಎಂದರೆ ಇದು! ಇಂದು ವಿಮಾನದಲ್ಲಿ ಹೋಗುವವನಿಗೆ ಈ ಕಟ್ಟಿಲ್ಲ. ಆದರೆ ದ್ವೀಪದಿಂದ ದ್ವೀಪಕ್ಕೆ ಹೋಗುವವನಿಗೆ ಇಂದಿಗೂ ಉಂಟು. ಮೆಲ್ತೆಮಿ ಬಿರುಸಾದ ದಿನ ಏಜಿಯನ್ನಿನ ಹಡಗುಗಳು ಬಂದರಿನಲ್ಲೇ ನಿಲ್ಲುತ್ತವೆ; ಮುಂಗಡ ಹಣ ಕೊಟ್ಟ ಹೊಟೇಲು ಆಚೆಯ ದ್ವೀಪದಲ್ಲಿ, ಪ್ರವಾಸಿ ಈಚೆಯ ದಂಡೆಯಲ್ಲಿ. ಆದುದರಿಂದ ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರದವರೆಗೆ ಹೋಗುವುದು ಲೇಸೆಂದು ಹೇಳಿದೆ. ಎಪಿಡಾರಸ್‌ನ ಪುರಾತನ ಬಯಲು ರಂಗಮಂದಿರದಲ್ಲಿ ನಾಟಕ ನೋಡಲೇಬೇಕೆಂಬ ಹಟವಿದ್ದವರು ಮಾತ್ರ ಜುಲೈ, ಆಗಸ್ಟಿನ ಬಿಸಿಲನ್ನೂ ಗಾಳಿಯನ್ನೂ ಸಹಿಸಬೇಕು. ಅಲ್ಲಿಯ ನಾಟಕೋತ್ಸವ ನಡೆಯುವುದು ಆಗಲೇ.

ಪೆರಿಪ್ಲಸ್ಸಿನ ಮಾತು ಬಂದಮೇಲೆ ಒಂದು ಕ್ಷಣ ಅಲ್ಲೇ ನಿಲ್ಲಬೇಕಾಗಿದೆ. ಗ್ರೀಸಿನ ದ್ವೀಪಗಳ ಪಟ್ಟಿಯನ್ನು ನಾವು ಕೇಳುತ್ತಿದ್ದೇವೆ. ಆ ವರ್ತಕ ನಮ್ಮ ಕರಾವಳಿಯ ದ್ವೀಪಗಳ ಪಟ್ಟಿಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದುಕೊಂಡಿದ್ದ. ಐಗಿದಿಯೋಯ್, ಕೈನೆಯ್ತೋಯ್, ಅವುಗಳ ಹತ್ತಿರ ಖರ್ಸೊನೆಸೊಸ್ ಎಂಬ ನೆಲಚಾಚು, ಮುಂದೆ 'ಬಿಳಿಯ ದ್ವೀಪ'. 1912ರಲ್ಲಿ ಪೆರಿಪ್ಲಸ್ಸನ್ನು ಇಂಗ್ಲಿಷಿಗೆ ತಂದ ಶಾಫ್ ಮೊದಲಾದವರು ಇವನ್ನು ಅಂಜುದೀವ, ಕಾರವಾರ ಮತ್ತು ಅದರ ಎದುರಿನ ಗಡ್ಡೆಗಳು, ಮುರ್ಡೇಶ್ವರದ ಎದುರಿನ ನೇತ್ರಾಣಿ ಎಂದು ಗುರುತಿಸಲು ಯತ್ನಿಸಿದ್ದಾರೆ. ಆ ಭಾಗದಲ್ಲಿ ಕಡಲ್ಗಳ್ಳರಿದ್ದಾರೆ, ಎಚ್ಚರ ಎಂಬ ಸೂಚನೆಯೂ ಅಲ್ಲಿದೆ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಕರಾವಳಿಯನ್ನು ದಾಟಿ ಒಳನಾಡಿಗೆ ಬಂದ. ಆತನ ಭೂಗೋಳದಲ್ಲಿ ಬನವಾಸಿ ಇದೆ. ಬದಿಯಮಯೋಯ್ ಎಂಬುದು ಬಾದಾಮಿ ಎಂದು ಬಹುಮಂದಿ ಒಪ್ಪಿದ್ದಾರೆ. ರೋಣದಿಂದ ಬಾದಾಮಿಗೆ ಒಂದು ತಾಸಿನ ದಾರಿ. ನಮ್ಮ ಮನೆಯ ಹಿತ್ತಲವರೆಗೆ ಬಂದು ಹೆಸರು ಬರೆದುಕೊಂಡವರ ಊರಿಗೆ ನಾವು ತಿರುಗಿ ಹೋಗುವುದಕ್ಕೆ ತುಸು ತಡವಾಯಿತೆನ್ನಬೇಕು.

ಕನ್ನಡಿಗನು ಗ್ರೀಸಿಗೆ ಹೋಗುತ್ತಾನೆಂದೊಡನೆ ಪ್ರತಿಯೊಬ್ಬರೂ ಕೇಳುವ ಇನ್ನೊಂದು ಪ್ರಶ್ನೆಯಿದೆ: ಕನ್ನಡ ಮಾತುಗಳಿರುವ ಆ ಗ್ರೀಕ್ ಪ್ರಹಸನ ಅಲ್ಲಿ ನೋಡಸಿಗುವುದೆ? ಸಿಗುವುದಿಲ್ಲ. ಅದು ದೊರೆತದ್ದು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಯಲ್ಲಿ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದರು. ಈಗಿರುವುದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ. ಖಾರಿಟಿಯಾನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತಡಿಯ ಅರಸನೊಬ್ಬನ ವಶದಲ್ಲಿದ್ದಾಳೆ. ಅವಳ ಅಣ್ಣನ ಕಡೆಯವರು ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಮೈಮರೆಸಿ, ಅವಳನ್ನು ಹಡಗಿಗೆ ಒಯ್ಯುತ್ತಾರೆ. ಅರಸನೂ ಅವನವರೂ ಆಡುವ ಮಾತು ಗ್ರೀಕಲ್ಲ. 1904ರಲ್ಲಿ ಹುಲ್ಷ್ ಎಂಬ ಶಾಸನತಜ್ಞರು ಅದು ಕನ್ನಡವಿರಬೇಕೆಂದರು, 1926ರಲ್ಲಿ ಆರ್. ಶಾಮಶಾಸ್ತ್ರಿಗಳು ಕೊಂಚ, ಪಾತ್ರೆ ಮುಂತಾದ ಮಾತುಗಳನ್ನು ಇನ್ನೂ ವಿಸ್ತಾರವಾಗಿ ಅದರಲ್ಲಿ ಓದಿದರು. ಅದೇ ವರ್ಷ ಬಾರ್ನೆಟ್ ಎಂಬವರು ಅದನ್ನು ಪೂರ್ತಿಯಾಗಿ ತಳ್ಳಿಹಾಕಿದರು. ಮಂಜೇಶ್ವರದ ಗೋವಿಂದ ಪೈಗಳು ಈ ಚರ್ಚೆಯಲ್ಲಿ ಆಸಕ್ತಿ ತಳೆದರು. ತುಳುವೆಂದು ವಾದಿಸಿದವರೂ ಉಂಟು. ನನ್ನ ಅಭಿಪ್ರಾಯವನ್ನು ಕೇಳಿದರೆ, ಪ್ರಹಸನಕಾರನು ನೋಡುಗರನ್ನು ನಗಿಸಲು ಪರದೇಶದ ಮಾತಿನ ಸದ್ದನ್ನು ಕಿವಿಯಿಂದ ಹಿಡಿದು ತಂದಿದ್ದಾನೆ. ಆ ಸದ್ದಿನಲ್ಲಿ ನಮ್ಮ ದಂಡೆಯ ಉಪ್ಪುಗಾಳಿ ಇದ್ದಿರಬಹುದು, ಆದರೆ ಅದನ್ನು ನೆಚ್ಚಿ ವಾಕ್ಯವಾಕ್ಯವಾಗಿ ಅನ್ವಯ ಹೇಳುವುದು ಸಾಹಸ. ಅಭಿಮಾನಕ್ಕೆ ಇದಕ್ಕಿಂತ ಗಟ್ಟಿಯಾದ ನೆಲೆಗಳು ನಮಗಿವೆ.

ಅಂಥ ಒಂದು ನೆಲೆ ನಾಣ್ಯ. 2002ರಲ್ಲಿ ಯೂರೋ ನಾಣ್ಯ ಚಲಾವಣೆಗೆ ಬರುವವರೆಗೆ ಗ್ರೀಸಿನ ಹಣಕ್ಕೆ ದ್ರಾಖ್ಮ ಎಂದೇ ಹೆಸರು. ಈ ಮಾತು ಬಹುಕಾಲದ ಹಿಂದೆ ಭಾರತಕ್ಕೆ ಬಂದು ಸಂಸ್ಕೃತ ಪ್ರಾಕೃತಗಳಲ್ಲಿ ದ್ರಮ್ಮವಾಯಿತು. ಕನ್ನಡ ಶಾಸನಗಳಲ್ಲಿಯೂ ಗದ್ಯಾಣ, ಪಣ, ಹಾಗಗಳ ನೆರೆಯಲ್ಲಿ ದ್ರಮ್ಮ ಕುಳಿತಿದೆ. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಟಂಕಸಾಲೆಯಿತ್ತು, ಲಕ್ಕುಂಡಿಯಲ್ಲಿ ಇನ್ನೊಂದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಹಣವನ್ನೇಕೆ, ಮಾತುಗಳನ್ನೇ ನೋಡಿರಿ: ಹೋರೆ, ಕೇಂದ್ರ, ಸುರಂಗ ಎಲ್ಲವೂ ಗ್ರೀಕ್ ಮೂಲದವೆಂದು ವಿದ್ವಾಂಸರು ಹೇಳುತ್ತಾರೆ. ಕೇಂದ್ರ ಸರಕಾರವೆಂದು ನಾವು ಗೊಣಗುವಾಗಲೆಲ್ಲ ಅರ್ಧ ಗ್ರೀಕ್ ಮಾತಾಡುತ್ತೇವೆ.

ಸಮುದ್ರೋಲ್ಲಂಘನೆ ನಮ್ಮವರಿಗೆ ನಿಷಿದ್ಧವಾಗಿತ್ತಲ್ಲವೆ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಧರ್ಮಶಾಸ್ತ್ರದ ನಿಬಂಧಕಾರರು ಕಲಿವರ್ಜ್ಯಗಳ ಪಟ್ಟಿಯಲ್ಲಿ ಸಮುದ್ರಯಾನವನ್ನು ಸೇರಿಸಿದ್ದು ನಿಜ. ಆದರೆ ಅವರು ಹಾಗೆ ಬರೆಯುತ್ತಿದ್ದ ಶತಮಾನಗಳಲ್ಲೇ, ರೋಣಕ್ಕೆ ಅಷ್ಟೇನೂ ದೂರವಲ್ಲದ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರ ಕೂಟ ದೇಶಾಂತರ ವ್ಯಾಪಾರ ನಡೆಸುತ್ತಿತ್ತು. ಆ ಐನೂರ್ವರ ಹೆಸರಿನ ತಮಿಳು ಶಾಸನವೊಂದು, ಕ್ರಿ.ಶ. 1088ರದು, ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ಸಿಕ್ಕಿದೆ. ಮಲಪ್ರಭೆಯ ದಂಡೆಯ ಊರೊಂದರ ಹೆಸರು ಸುಮಾತ್ರಾದವರೆಗೆ ಹೋಗಿದೆ. ನಿಷೇಧ ಗ್ರಂಥದಲ್ಲಿತ್ತು, ಹಡಗು ನೀರಿನಲ್ಲಿತ್ತು.

ಇನ್ನು ದ್ವೀಪಗಳ ಆಯ್ಕೆ. ಬಣ್ಣದ ಕಾಗದದಲ್ಲಿ ಮೊದಲ ಹೆಸರು ಸ್ಯಾಂಟೊರಿನಿ. ಬಿಳಿಯ ಗೋಡೆ, ನೀಲಿಯ ಗುಮ್ಮಟ, ಸಂಜೆಯ ಸೂರ್ಯ. ಇವನ್ನು ನೋಡಲು ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಕ್ರಿಸ್ತಪೂರ್ವ 1600ರ ಸುಮಾರಿಗೆ ಅಲ್ಲಿಯ ಜ್ವಾಲಾಮುಖಿ ಸಿಡಿದು ದ್ವೀಪದ ನಡುವೇ ಕುಸಿಯಿತು. ಬೂದಿಯಡಿ ಹೂತುಹೋದ ಆಕ್ರೊತಿರಿ ಎಂಬ ಊರನ್ನು 1967ರಿಂದೀಚೆಗೆ ಅಗೆದು ತೆಗೆದಿದ್ದಾರೆ. ಅದನ್ನು ನೋಡುವವರು ಹೋಗಲಿ. ಸೂರ್ಯಾಸ್ತಕ್ಕಾಗಿಯೇ ಆದರೆ ನರಗುಂದದ ಗುಡ್ಡ ಏರಿದರೆ ಸಾಕು, ಖರ್ಚಿಲ್ಲ. ಕ್ರೀಟ್ ದೊಡ್ಡ ದ್ವೀಪ, ಅದಕ್ಕೇ ಒಂದು ವಾರ ಬೇಕು. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ: ಅಲ್ಲಿಯ ಜನ ಜವೆಗೋದಿಯ ರೊಟ್ಟಿಯನ್ನು ಎರಡು ಸಲ ಸುಟ್ಟು ಗಟ್ಟಿಯಾಗಿಸಿ ದಿನಗಟ್ಟಲೆ ಇಟ್ಟುಕೊಂಡು ತಿನ್ನುತ್ತಾರೆ. ನಮ್ಮ ಖಡಕ್ ರೊಟ್ಟಿಯ ಗಂಟನ್ನು ಬಿಚ್ಚಿದರೆ ಅವರು ಅಚ್ಚರಿಪಡಲಾರರು.

ಮಿಕೊನೊಸ್ ಕೂಡ ಪಟ್ಟಿಯಲ್ಲಿದೆ. ಅಲ್ಲಿ ಗಾಳಿಯಿಂದ ಹಿಟ್ಟು ಬೀಸುತ್ತಿದ್ದ ಹಳೆಯ ಗಾಳಿಗಿರಣಿಗಳು ಸಾಲಾಗಿವೆ, ಗಜೇಂದ್ರಗಡದವರಿಗೆ ಸಾಲಿನ ನೋಟ ಹೊಸದಲ್ಲ. ಆದರೂ ಮಿಕೊನೊಸ್‌ಗೆ ಹೋಗಬೇಕು, ಏಕೆಂದರೆ ಡೀಲೋಸ್‌ಗೆ ದೋಣಿ ಅಲ್ಲಿಂದ ಹೊರಡುತ್ತದೆ. ಡೀಲೋಸ್ ಕಲ್ಲುಬಂಡೆಗಳ ಪುಟ್ಟ ದ್ವೀಪ. ಅಪೊಲೊ ದೇವನೂ ಅವನ ಅವಳಿ ಸೋದರಿ ಆರ್ಟೆಮಿಸಳೂ ಹುಟ್ಟಿದ ಕ್ಷೇತ್ರವೆಂದು ಗ್ರೀಕರ ನಂಬಿಕೆ. ಕ್ರಿಸ್ತಪೂರ್ವ 426ರಲ್ಲಿ ಅಥೆನ್ಸಿನವರು ಈ ಕ್ಷೇತ್ರವನ್ನು ಶುದ್ಧಿಗೊಳಿಸಿದರು: ಇದ್ದ ಗೋರಿಗಳನ್ನೆಲ್ಲ ಅಗೆಸಿ ಪಕ್ಕದ ರೆನಿಯ ದ್ವೀಪಕ್ಕೆ ಸಾಗಿಸಿದರು, ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಕೂಡದು, ಸಾಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ದಿನ ತುಂಬಿದ ಬಸುರಿಯರನ್ನೂ ಸಾವಿಗೆ ಸಮೀಪಿಸಿದವರನ್ನೂ ದೋಣಿಯಲ್ಲಿ ಆಚೆಗೆ ಕಳಿಸುತ್ತಿದ್ದರು. ಸೂತಕ, ಪುರುಡು ಎಂಬ ಮಾತುಗಳನ್ನು ಬಲ್ಲ ನಮ್ಮ ಮನೆಯ ಹೆಂಗಸರಿಗೆ ಇದನ್ನು ವಿವರಿಸುವ ಕಷ್ಟವಿಲ್ಲ. ಯೂರೋಪಿನ ಪ್ರವಾಸಿಗಳಿಗೆ ಮಾರ್ಗದರ್ಶಕರು ಅರ್ಧ ತಾಸು ಹೇಳಬೇಕಾಗುತ್ತದೆ. ಅಷ್ಟು ಮಡಿಯ ಆ ಕ್ಷೇತ್ರ ಮುಂದೆ ಕ್ರಿಸ್ತಪೂರ್ವ 166ರಲ್ಲಿ ಸುಂಕವಿಲ್ಲದ ಬಂದರಾಯಿತು, ಗುಲಾಮರ ಸಂತೆಯಾಯಿತು. ಒಂದೇ ದಿನದಲ್ಲಿ ಹತ್ತು ಸಾವಿರ ಗುಲಾಮರನ್ನು ಇಳಿಸಿ ಮಾರಿ ಕಳಿಸಬಲ್ಲ ಪೇಟೆ ಎಂದು ಸ್ಟ್ರೇಬೊ ಬರೆಯುತ್ತಾನೆ. ಸಾವಿಗೆ ಮೈಲಿಗೆಯೆಂದವರಿಗೆ ಮನುಷ್ಯರ ಮಾರಾಟ ಮೈಲಿಗೆಯಾಗಲಿಲ್ಲ. ಕ್ರಿಸ್ತಪೂರ್ವ 88ರಲ್ಲಿ ಮಿಥ್ರಿಡೇಟೀಸನ ಸೈನ್ಯ ಅದನ್ನು ಸೂರೆಗೊಂಡಿತು; ಮೆಲ್ಲಮೆಲ್ಲನೆ ಊರು ಬರಿದಾಯಿತು. ಇಂದು ಕಾವಲುಗಾರರೂ ಉತ್ಖನನಕಾರರೂ ಹೊರತು ಅಲ್ಲಿ ವಾಸಿಸುವವರಿಲ್ಲ, ಪ್ರವಾಸಿ ರಾತ್ರಿ ತಂಗುವಂತಿಲ್ಲ. ಬೆಳಗಿನ ದೋಣಿಯಲ್ಲಿ ಹೋಗಿ ಮಧ್ಯಾಹ್ನ ಮರಳಬೇಕು. ಗಾಳಿ ಹೆಚ್ಚಿದ ದಿನ ದೋಣಿ ಹೊರಡುವುದಿಲ್ಲ. ಪಟ್ಟದಕಲ್ಲನ್ನು ಕಂಡ ಕಣ್ಣಿಗೆ ಡೀಲೋಸ್ ಪರಿಚಿತವೆನಿಸುತ್ತದೆ.

ಇಷ್ಟು ಹೇಳಿ, ಬಣ್ಣದ ಕಾಗದದಲ್ಲಿ ಎಲ್ಲಿಯೂ ಇಲ್ಲದ ಒಂದು ಹೆಸರನ್ನು ನಾನು ಪೆನ್ಸಿಲಿನಿಂದ ಮೇಲೆ ಬರೆದುಕೊಟ್ಟೆ. ಅದು ಸಲಮಿಸ್.

ಸಲಮಿಸ್ ಅಥೆನ್ಸಿನ ಬಂದರಾದ ಪಿರೇಯಸ್‌ಗೆ ಅಂಟಿಕೊಂಡಂತಿರುವ ದ್ವೀಪ. ಪೆರಾಮ ಎಂಬಲ್ಲಿಂದ ಹಡಗು ಹತ್ತಿದರೆ ಹದಿನೈದು ನಿಮಿಷ. ದೂರದಿಂದ ಬಂದ ಪ್ರವಾಸಿಗಳು ಅಲ್ಲಿಗೆ ಹೋಗುವುದು ವಿರಳ. ನೌಕಾಪಡೆಯ ನೆಲೆ, ಹಡಗು ರಿಪೇರಿಯ ಕಟ್ಟೆಗಳು, ಅಥೆನ್ಸಿನವರ ವಾರಾಂತ್ಯದ ಮನೆಗಳು. ಅಂಥ ದ್ವೀಪವನ್ನು ರೋಣದವನು ನೋಡಲೇಬೇಕೆಂದು ನಾನು ಹೇಳುವುದಕ್ಕೆ ಕಾರಣ ಬಿ.ಎಂ. ಶ್ರೀಕಂಠಯ್ಯನವರು.

ಗ್ರೀಕ್ ರುದ್ರನಾಟಕಗಳನ್ನು ಕನ್ನಡಕ್ಕೆ ತರಲು ಹೊರಟ 'ಶ್ರೀ'ಯವರು ಎರಡನ್ನು ಆರಿಸಿಕೊಂಡರು. ಸೋಫೊಕ್ಲೀಸನ 'ಏಜಾಕ್ಸ್' 1929ರಲ್ಲಿ 'ಅಶ್ವತ್ಥಾಮನ್' ಆಯಿತು. ಈಸ್ಕಿಲಸನ ನಾಟಕ 1935ರಲ್ಲಿ 'ಪಾರಸಿಕರು' ಆಯಿತು. ಎರಡೂ ಸಲಮಿಸ್ಸಿನ ಮಣ್ಣಿಗೆ ಸೇರಿದವು. ಏಜಾಕ್ಸ್ ಸಲಮಿಸ್ಸಿನ ಒಡೆಯ. ಟ್ರಾಯ್ ಯುದ್ಧಕ್ಕೆ ಹನ್ನೆರಡು ಹಡಗುಗಳನ್ನು ಅಲ್ಲಿಂದ ಒಯ್ದವನು. ನಾಟಕದ ಮೇಳದವರು ಸಲಮಿಸ್ಸಿನ ನಾವಿಕರು, ಮನೆಯ ಹಂಬಲದಲ್ಲಿ ಬೇಯುವವರು. ಸಾಯುವ ಮುನ್ನ ಏಜಾಕ್ಸ್ ನೆನೆಯುವುದು ಆ ದ್ವೀಪದ ನೆಲವನ್ನೇ. ಇನ್ನು 'ಪಾರಸಿಕರು' ನಾಟಕದ ವಸ್ತು ಸಲಮಿಸ್ಸಿನ ಕೊಲ್ಲಿಯಲ್ಲಿ ಕ್ರಿಸ್ತಪೂರ್ವ 480ರಲ್ಲಿ ನಡೆದ ನೌಕಾಯುದ್ಧ. ಗ್ರೀಸಿನ ಅಷ್ಟೊಂದು ದ್ವೀಪಗಳಲ್ಲಿ ಕನ್ನಡದೊಳಕ್ಕೆ ನಾಟಕವಾಗಿ ಎರಡು ಸಲ ಬಂದದ್ದು ಇದೊಂದು.

ಮೊದಲ ನಾಟಕ ನಮ್ಮ ತಾಲೂಕಿಗೆ ಇನ್ನಷ್ಟು ಹತ್ತಿರದ್ದು. ರೋಣಕ್ಕೆ ದ್ರೋಣಪುರವೆಂಬ ಹೆಸರಿತ್ತೆಂದು ನಮ್ಮವರ ನಂಬಿಕೆ. ದ್ರೋಣಾಚಾರ್ಯನ ಹೆಸರನ್ನು ಊರು ಹೊತ್ತಿದೆಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಸ್ಥಳಪುರಾಣಕ್ಕೆ ಶಾಸನದ ಬೆಲೆ ಕಟ್ಟುವವನು ನಾನಲ್ಲ. ಆದರೆ ದ್ರೋಣನ ಊರೆಂದು ಹೇಳಿಕೊಳ್ಳುವವರು ದ್ರೋಣನ ಮಗನ ಕಥೆಯನ್ನು ಓದದೆ ಇರಬಾರದು. ಅಕಿಲೀಸನ ಆಯುಧಗಳು ತನಗೆ ದಕ್ಕಲಿಲ್ಲವೆಂಬ ಅವಮಾನದಲ್ಲಿ ಏಜಾಕ್ಸನಿಗೆ ಬುದ್ಧಿಭ್ರಮಣೆಯಾಗುತ್ತದೆ. ಶತ್ರುಗಳೆಂದು ಭಾವಿಸಿ ರಾತ್ರಿಯಲ್ಲಿ ಕುರಿ, ದನಗಳನ್ನು ಕಡಿಯುತ್ತಾನೆ. ತಿಳಿವು ಮರಳಿದಾಗ ನಾಚಿಕೆ ತಾಳಲಾರದೆ ಕತ್ತಿಯ ಮೇಲೆ ಬೀಳುತ್ತಾನೆ. ಈ ರಾತ್ರಿಯನ್ನು ಕಂಡೊಡನೆ 'ಶ್ರೀ'ಯವರಿಗೆ ಸೌಪ್ತಿಕಪರ್ವದ ರಾತ್ರಿ ನೆನಪಾಗಿರಬೇಕು: ಮಲಗಿದವರನ್ನು ಕೊಂದ ಅಶ್ವತ್ಥಾಮ. ಚಿರಂಜೀವಿಯೆಂದು ಪುರಾಣ ಸಾರುವ ಅಶ್ವತ್ಥಾಮನನ್ನು ಅವರು ರಂಗದ ಮೇಲೆ ಸಾಯಿಸಿದರು. ಅದಕ್ಕಾಗಿ ಟೀಕೆಯನ್ನೂ ಎದುರಿಸಿದರು. ನನಗನ್ನಿಸುವುದು ಹೀಗೆ: ನಮ್ಮ ಪುರಾಣವು ಅಶ್ವತ್ಥಾಮನಿಗೆ ಸಾವನ್ನು ನಿರಾಕರಿಸಿ ಶಿಕ್ಷಿಸಿತು, ಗ್ರೀಕರ ಕವಿ ಏಜಾಕ್ಸನಿಗೆ ಸಾವನ್ನು ಕೊಟ್ಟು ಗೌರವಿಸಿದ. 'ಶ್ರೀ'ಯವರು ಎರಡನೆಯ ದಾರಿ ಹಿಡಿದು ದ್ರೋಣನ ಮಗನನ್ನು ನರಳಾಟದಿಂದ ಬಿಡಿಸಿದರು. ಸಲಮಿಸ್ಸಿನ ಕನಾಕಿಯ ಎಂಬಲ್ಲಿ ಉತ್ಖನನ ನಡೆಸಿದ ಪ್ರಾಚ್ಯವಸ್ತು ತಜ್ಞರು, ತಾವು ಕಂಡ ಅರಮನೆ ಏಜಾಕ್ಸನ ವಂಶದ್ದೆಂದು 2006ರಲ್ಲಿ ಸಾರಿದರು. ಕ್ರಿಸ್ತಪೂರ್ವ 1200ರ ಸುಮಾರಿಗೆ ಪಾಳುಬಿದ್ದ ಕಟ್ಟಡವೆಂಬುದು ಖಚಿತ. ಮಿಕ್ಕದ್ದು ದ್ರೋಣಪುರದ ಜಾತಿಗೆ ಸೇರಿದ ಮಾತು.

ಎರಡನೆಯ ನಾಟಕದ ವಿಷಯ ಇನ್ನೂ ಗಹನವಾದುದು. ಪಾರಸಿಕ ಚಕ್ರವರ್ತಿ ಕ್ಸರ್ಕ್ಸೀಸ್ ಗ್ರೀಸಿನ ಮೇಲೆ ದಂಡೆತ್ತಿ ಬಂದಾಗ ಅಥೆನ್ಸಿನವರು ಊರನ್ನೇ ತೊರೆದು ಹೆಂಡಿರು ಮಕ್ಕಳನ್ನು ಸಲಮಿಸ್ ಮೊದಲಾದ ಕಡೆಗೆ ಸಾಗಿಸಿದರು. ಇಕ್ಕಟ್ಟಾದ ಜಲಸಂಧಿಯೊಳಕ್ಕೆ ಶತ್ರುವಿನ ಹಡಗುಗಳನ್ನು ಸೆಳೆದು, ದಟ್ಟಣೆಯಲ್ಲಿ ಒಂದಕ್ಕೊಂದು ತಾಗಿ ಮುರಿಯುವಂತೆ ಮಾಡಿದರು. ಎದುರಿನ ಗುಡ್ಡದ ಮೇಲೆ ಸಿಂಹಾಸನ ಹಾಕಿಸಿಕೊಂಡು ಕುಳಿತಿದ್ದ ಕ್ಸರ್ಕ್ಸೀಸ್ ತನ್ನ ನೌಕಾಬಲ ಮುಳುಗುವುದನ್ನು ಕಣ್ಣಾರೆ ಕಂಡ. ಅವನ ದಂಡಿನಲ್ಲಿ ಭಾರತೀಯರೂ ಇದ್ದರು. ಸಿಂಧೂ ಕಡೆಯ ಆ ಯೋಧರು ಹತ್ತಿಯ ಬಟ್ಟೆ ಉಟ್ಟು, ಬಿದಿರಿನ ಬಿಲ್ಲು ಹಿಡಿದಿದ್ದರೆಂದು ಹೆರೊಡೋಟಸ್ ಬರೆದಿಟ್ಟಿದ್ದಾನೆ. ಹತ್ತಿಯನ್ನು ಆತ ಮರದಲ್ಲಿ ಬೆಳೆಯುವ ಉಣ್ಣೆ ಎನ್ನುತ್ತಾನೆ. ಎರೆಹೊಲದ ಹತ್ತಿ, ಗಜೇಂದ್ರಗಡದ ಮಗ್ಗ, ಇವನ್ನು ಬಲ್ಲ ನಾವು ಗ್ರೀಸಿನಲ್ಲಿ ಕಾಲಿಟ್ಟ ಮೊದಲ ಭಾರತೀಯರನ್ನು ಅವರ ಬಟ್ಟೆಯಿಂದಲೇ ಗುರುತುಹಿಡಿಯಬಹುದು. ಪ್ರವಾಸಿಗಳಾಗಿ ಹೋದವರಲ್ಲ, ಪಾಪ. ಪರರ ಯುದ್ಧಕ್ಕೆ ಕೂಲಿಯಾಗಿ ಹೋದವರು.

ಈ ಯುದ್ಧವಾದ ಎಂಟು ವರ್ಷಕ್ಕೆ, ಕ್ರಿಸ್ತಪೂರ್ವ 472ರಲ್ಲಿ, ಈಸ್ಕಿಲಸ್ ಅಥೆನ್ಸಿನಲ್ಲಿ ನಾಟಕ ಆಡಿಸಿದ. ಆತ ಸ್ವತಃ ಪಾರಸಿಕರ ಎದುರು ಕಾದಿದವನು. ಅದಕ್ಕೆ ಹತ್ತು ವರ್ಷ ಮುಂಚೆ ಮ್ಯಾರಥಾನಿನಲ್ಲಿ ತಮ್ಮನನ್ನೋ ಅಣ್ಣನನ್ನೋ, ಅಂತೂ ಒಡಹುಟ್ಟಿದವನನ್ನು ಕಳೆದುಕೊಂಡವನು. ನೋಡುತ್ತ ಕುಳಿತವರು ಸುಟ್ಟ ಊರನ್ನು ಮತ್ತೆ ಕಟ್ಟಿಕೊಂಡ ಜನ. ಅಂಥವರ ಮುಂದೆ ಆತ ತೋರಿಸಿದ್ದು ಗ್ರೀಕರ ವಿಜಯೋತ್ಸವವನ್ನಲ್ಲ. ರಂಗಸ್ಥಳ ಪಾರಸಿಕರ ರಾಜಧಾನಿ ಸೂಸಾ. ಅಲ್ಲಿ ಕ್ಸರ್ಕ್ಸೀಸನ ತಾಯಿ ಅಟೋಸಾ ದುಃಸ್ವಪ್ನ ಕಂಡು ಮಗನ ಸುದ್ದಿಗಾಗಿ ಕಾದಿದ್ದಾಳೆ. ದೂತ ಬರುತ್ತಾನೆ. ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಗೆದ್ದವನು ಸೋತವನ ತಾಯಿಯ ಎದೆಯೊಳಗೆ ಕುಳಿತು ಬರೆದ ನಾಟಕವದು. 'ಅಶ್ವತ್ಥಾಮನ್'ನಲ್ಲಿ ಗ್ರೀಕ್ ಕಥೆಗೆ ಭಾರತದ ವೇಷ ತೊಡಿಸಿದ 'ಶ್ರೀ'ಯವರು ಇಲ್ಲಿ ಹಾಗೆ ಮಾಡಲಿಲ್ಲ. ಪಾರಸಿಕರು ಪಾರಸಿಕರಾಗಿಯೇ ಉಳಿದರು. ಈ ಮನೋಧರ್ಮ ಕನ್ನಡಕ್ಕೆ ಹೊಸದೆಂದು ಹೇಳಲಾರೆ. ಮುಧೋಳದ ರನ್ನ ಸುಮಾರು ಕ್ರಿ.ಶ. 1000ದಲ್ಲಿ ತನ್ನ ಒಡೆಯನನ್ನು ಭೀಮನಿಗೆ ಸಮೀಕರಿಸಿ ಗದಾಯುದ್ಧವನ್ನು ಬರೆದರೂ ಓದುಗನ ಕಣ್ಣೀರು ಹರಿಯುವುದು ದುರ್ಯೋಧನನಿಗಾಗಿ. ಆ ಕಾವ್ಯವನ್ನು 1926ರಲ್ಲಿ ರುದ್ರನಾಟಕವಾಗಿ ಮಾರ್ಪಡಿಸಿದವರೂ 'ಶ್ರೀ'ಯವರೇ. ರನ್ನನಿಂದ ಈಸ್ಕಿಲಸ್‌ವರೆಗಿನ ದಾರಿ ಅವರಿಗೆ ಸ್ಪಷ್ಟವಾಗಿ ಕಂಡಿತ್ತು.

ಆದರೆ ನನ್ನ ಮನಸ್ಸು ಹೋಗುವುದು ನರಗುಂದಕ್ಕೆ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಬ್ರಿಟಿಷರ ಪೊಲಿಟಿಕಲ್ ಏಜೆಂಟನಾದ ಮ್ಯಾನ್‌ಸನ್ನನನ್ನು ಕೊಂದು, ತಲೆಯನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ತಪ್ಪಿಸಿಕೊಂಡ ಬಾಬಾಸಾಹೇಬ ಸೆರೆಸಿಕ್ಕ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಎರಡು ವಾರದಲ್ಲಿ ಎಲ್ಲವೂ ಮುಗಿಯಿತು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಪ್ರಾಣ ನೀಗಿಕೊಂಡರೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಒಂದು ವಾಕ್ಯ, ಅಷ್ಟೆ. ಗೆದ್ದವರು ಬರೆಯಿಸಿದ ಗ್ಯಾಜೆಟಿಯರುಗಳಲ್ಲಿ ಕೋಟೆಯ ಅಳತೆಯುಂಟು, ಬಾವಿಗಳ ಲೆಕ್ಕವುಂಟು, ತೋಪುಗಳ ಸಂಖ್ಯೆಯುಂಟು. ಆ ತಾಯಿ ಕೋಟೆಯ ಮೇಲೆ ನಿಂತು ಯಾವ ದೂತನಿಗಾಗಿ ಕಾದಳು, ದೂತ ಬಂದನೋ ಇಲ್ಲವೋ, ಅದನ್ನು ಯಾವ ಇಂಗ್ಲಿಷ್ ಈಸ್ಕಿಲಸನೂ ಬರೆಯಲಿಲ್ಲ. ಇಂಗ್ಲಿಷರ ವಿಷಯ ಬಿಡಿ. ಮ್ಯಾನ್‌ಸನ್ನನಿಗೂ ತಾಯಿ ಇದ್ದಳೆಂಬುದನ್ನು ನಮ್ಮ ಕಡೆಯವರೂ ಬರೆಯಲಿಲ್ಲ. ಬಾಬಾಸಾಹೇಬನ ಮೇಲೆ ಅಭಿಮಾನವುಳ್ಳವನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ. 'ಪಾರಸಿಕರು' ನಾಟಕವನ್ನು ತರಗತಿಯಲ್ಲಿ ಓದುವಾಗ ಅಟೋಸಾಳ ಭಾಗಕ್ಕೆ ಬಂದರೆ ನನಗೆ ಮಲಪ್ರಭೆಯ ನೀರು ಕಣ್ಣಿಗೆ ಕಟ್ಟುತ್ತಿತ್ತು. ಪರೀಕ್ಷೆಗೆ ಬರುವಂಥದಲ್ಲವಾದ್ದರಿಂದ ಹುಡುಗರಿಗೆ ಹೇಳುತ್ತಿರಲಿಲ್ಲ.

ಮಿತ್ರರು ಇದನ್ನೆಲ್ಲ ಕೇಳಿ, ಅಲ್ಲಿ ನೋಡುವುದಕ್ಕೆ ಏನಿದೆ ಎಂದರು. ನ್ಯಾಯವಾದ ಪ್ರಶ್ನೆ. ಪಾರ್ಥೆನಾನಿನಂಥದು ಅಲ್ಲಿಲ್ಲ. ಕಿನೊಸೂರ ಎಂಬ ಉದ್ದನೆಯ ನೆಲಚಾಚಿನ ಮೇಲೆ ಮಡಿದ ಗ್ರೀಕರ ಸಮಾಧಿಯೆಂದು ತೋರಿಸುವ ದಿಬ್ಬವಿದೆ, ಹತ್ತಿರ ಯೋಧರ ಕಂಚಿನ ಸ್ಮಾರಕವಿದೆ. ಯೂರಿಪಿಡೀಸ್ ಕುಳಿತು ನಾಟಕ ಬರೆಯುತ್ತಿದ್ದನೆಂದು ಹೇಳುವ ಗುಹೆಯೊಂದು ದಕ್ಷಿಣದ ಅಂಚಿನಲ್ಲಿದೆ. 1990ರ ದಶಕದ ಉತ್ಖನನದಲ್ಲಿ ಅವನ ಹೆಸರು ಕೊರೆದ ಬಟ್ಟಲಿನ ಚೂರು ಅಲ್ಲಿ ಸಿಕ್ಕಿತು. ಸಲಮಿಸ್ ಯುದ್ಧದಲ್ಲಿ ಈಸ್ಕಿಲಸ್ ಕಾದಿದ, ಹುಡುಗನಾಗಿದ್ದ ಸೋಫೊಕ್ಲೀಸ್ ವಿಜಯಗೀತದ ಮೇಳದ ಮುಂದೆ ನಿಂತ, ಅದೇ ದಿನ ಯೂರಿಪಿಡೀಸ್ ಆ ದ್ವೀಪದಲ್ಲಿ ಹುಟ್ಟಿದ ಎಂದು ಗ್ರೀಕರು ಮೂವರನ್ನೂ ಒಂದೇ ದಾರದಲ್ಲಿ ಪೋಣಿಸಿ ಹೇಳುತ್ತಿದ್ದರು. ಹುಟ್ಟಿದ ದಿನದ ಮಾತು ಭಕ್ತಿಯದು, ಇರಲಿ. ಪಂಪ, ಪೊನ್ನ, ರನ್ನರನ್ನು ನಾವೂ ಒಟ್ಟಿಗೇ ಹೇಳುವುದಿಲ್ಲವೆ?

ಕೊನೆಗೆ ಒಪ್ಪಿಗೆಯಾದ ಯೋಜನೆ ಹೀಗಿದೆ. ಸೆಪ್ಟೆಂಬರಿನ ಕೊನೆಯ ವಾರ ಹೊರಡುವುದು. ಸಲಮಿಸ್ಸಿನ ಯುದ್ಧ ನಡೆದದ್ದೂ ಆ ದಿನಗಳಲ್ಲೇ, ಅಷ್ಟರಲ್ಲಿ ಏಜಿಯನ್ನಿನ ಗಾಳಿಯೂ ತಗ್ಗಿರುತ್ತದೆ. ಅಥೆನ್ಸಿನಲ್ಲಿ ಮೂರು ದಿನ, ಮಿಕೊನೊಸ್‌ನಲ್ಲಿ ಎರಡು, ಅದರಲ್ಲಿ ಒಂದು ಪೂರ್ತಿ ಬೆಳಗು ಡೀಲೋಸ್‌ಗೆ. ಸ್ಯಾಂಟೊರಿನಿಯನ್ನು ಬಿಡಲು ಹೆಂಗಸರು ಒಪ್ಪಲಿಲ್ಲ. ಎರಡು ದಿನ ಅದಕ್ಕೆ ಹೋಯಿತು. ಕ್ರೀಟ್ ಬಿದ್ದುಹೋಯಿತು. ಮರಳುವ ಮುನ್ನ ಒಂದು ದಿನ ಸಲಮಿಸ್‌ಗೆ: ಬೆಳಗ್ಗೆ ಪೆರಾಮದಿಂದ ಹಡಗು, ಮಧ್ಯಾಹ್ನ ಕಿನೊಸೂರದ ದಿಬ್ಬದ ಬಳಿ ರೊಟ್ಟಿ, ಶೇಂಗಾಚಟ್ನಿ. ಚೀಲದಲ್ಲಿ 'ಶ್ರೀ'ಯವರ ಎರಡು ನಾಟಕಗಳು. ದೂತನ ಭಾಗವನ್ನು ಯಾರು ಓದಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅಟೋಸಾಳ ಮಾತುಗಳನ್ನು ಓದಲು ನರಗುಂದದ ತವರಿನ ಹೆಣ್ಣುಮಗಳೊಬ್ಬಳು ಒಪ್ಪಿಕೊಂಡಿದ್ದಾಳೆ.